ಸಿದ್ರಾಯನ ಹಾಯಿದೋಣಿ

ಮೂಡಲಗಿಯಲ್ಲಿ ಪೆಂಡಾಲಿನ ಬಟ್ಟೆ ಹೊಲಿಯುವ ಸಿದ್ರಾಯನಿಗೆ ಗಾಳಿಯ ರುಚಿ ಹತ್ತಿದ್ದು ಅರಭಾವಿಯಲ್ಲಿ ಒಬ್ಬ ಬಸುರಿಯ ಕುಬಸದ ದಿನ. ಮಧ್ಯಾಹ್ನದ ಬಿರುಗಾಳಿಗೆ ಪೆಂಡಾಲು ಉಬ್ಬಿ, ಹಗ್ಗ ಹಿಡಿದು ನಿಂತಿದ್ದ ಅವನನ್ನೂ ಎತ್ತಿಕೊಂಡು ಹೋಗಿ ಪಕ್ಕದ ಕಬ್ಬಿನ ಹೊಲಕ್ಕೆ ಒಗೆಯಿತು. ಬೇರೆ ಯಾರಾದರೂ ಆಗಿದ್ದರೆ ಹಣಮಪ್ಪನಿಗೆ ಕಾಯಿ ಒಡೆಸಿ ಸುಮ್ಮನಾಗುತ್ತಿದ್ದರು. ಈ ಪುಣ್ಯಾತ್ಮ ಮೈಯ ಮಣ್ಣು ಕೊಡವಿಕೊಂಡು ಮೊಬೈಲಿನಲ್ಲಿ ಹಾಯಿದೋಣಿಯ ವಿಡಿಯೋ ನೋಡುತ್ತ ಕೂತ. ಐವತ್ತರ ಹತ್ತಿರ ಹಿಡಿದ ಹುಚ್ಚು ಬಿಡಿಸುವವರು ಯಾರು?

ಹಿಡಕಲ್ ಜಲಾಶಯದಲ್ಲಿ ಮೀನು ಹಿಡಿಯುವ ಅಲ್ಲಪ್ಪನಿಂದ ಹಳೆಯ ಫೈಬರ್ ದೋಣಿ ಇಸಿದುಕೊಂಡ. ನಡುವೆ ಪೆಂಡಾಲಿನ ಬಿದಿರು ನೆಟ್ಟು, ಕೆಂಪು-ಹಳದಿ ಪಟ್ಟೆಯ ಶಾಮಿಯಾನದ ಬಟ್ಟೆಯಲ್ಲೇ ಹಾಯಿ ಹೊಲಿದ. ಬೇಸಿಗೆಯಲ್ಲಿ ಮದುವೆಗಳ ಗದ್ದಲ ತಗ್ಗಿದ ಮೇಲೆ ಒಂದೆರಡು ದಿನ ನೀರಿನ ಮೇಲೆ ಸುತ್ತಿ ಬರುವುದೆಂದು ನಿಶ್ಚಯವಾಯಿತು. ಎಲ್ಲಿ ದೋಣಿ ಕಟ್ಟುವುದು, ಎಲ್ಲಿ ವಸ್ತಿ ಮಾಡುವುದು, ರೊಟ್ಟಿ ಎಷ್ಟು, ಶೇಂಗಾ ಚಟ್ನಿ ಎಷ್ಟು ಎಂದು ದಿನವೂ ಅದೇ ಮಾತು.

"ಈಸಾಕ ಬರೂದಿಲ್ಲ, ಹಡಗ ಹೊಡ್ಯಾಕ ಹೊಂಟಾರ" ಎಂದು ಹೆಂಡತಿ ಶೋಭಾ ನಗುತ್ತಿದ್ದಳು.

ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ತಾಯಿ ಕೆಂಪವ್ವ ಮಾತ್ರ ಮೊರ ಕೆಳಗಿಟ್ಟಳು. "ಅದು ನಮ್ಮ ಹಳೀ ಊರಿಗೂ ಹೊಕ್ಕೈತೇನೋ?"

ಅವರ ಹಳೆಯ ಊರು ಆ ನೀರಿನ ಬುಡದಲ್ಲಿದೆ. ಊರು ಬಿಡುವಾಗ ಹಿರಿಯರೆಲ್ಲ ಸತ್ತವರಿಗೆ ಮಣ್ಣು ಕೊಟ್ಟ ದಿಬ್ಬಕ್ಕೆ ಹೋಗಿ, ಅವರನ್ನು ಹೆಸರು ಹಿಡಿದು ಕರೆದು, ಅವರು ಜೊತೆಗೆ ಬರಲೆಂದು ಅಲ್ಲಿನ ಒಂದೊಂದು ಕಲ್ಲನ್ನು ಉಡಿಯಲ್ಲಿಟ್ಟುಕೊಂಡು ಬಂದಿದ್ದರು. ಕೆಂಪವ್ವನ ಮೊದಲ ಮಗನೂ ಸತ್ತು ಅದೇ ದಿಬ್ಬ ಸೇರಿದ್ದ, ಆದರೆ ಅವನು ಸಣ್ಣ ಹುಡುಗ. ಹುಡುಗರನ್ನು ಕರೆದು ತರುವ ಪದ್ಧತಿ ಇರಲಿಲ್ಲ. ತಾನೇ ಹೋಗೋಣವೆಂದರೆ ಅವಳು ಬಸುರಿ, ಬಸುರಿ ಹೆಂಗಸು ದಿಬ್ಬ ತುಳಿಯುವಂತಿಲ್ಲ. ಹೊಟ್ಟೆಯಲ್ಲಿದ್ದ ಮಗು ಹುಟ್ಟಿದ ಮೇಲೆ ರೂಢಿಯಂತೆ ಸತ್ತವನ ಹೆಸರನ್ನೇ ಇಟ್ಟರು. ಹೀಗೆ ಇವನೂ ಸಿದ್ರಾಯನಾದ.

ಆದರೆ ಹೆಸರು ಕೂಗುವಾಗ ತಾಯಿಯ ಕಣ್ಣು ಎಂದೂ ಇವನ ಮುಖದ ಮೇಲೆ ನಿಲ್ಲುತ್ತಿರಲಿಲ್ಲ, ಹೆಗಲಾಚೆ ಯಾರನ್ನೋ ಹುಡುಕುತ್ತಿತ್ತು. ಬುದ್ಧಿ ತಿಳಿದಾಗಿನಿಂದ ಅದು ಅವನ ಎದೆಯ ಮುಳ್ಳು. ಅಣ್ಣನನ್ನು ತಂದುಬಿಟ್ಟರೆ ಅವ್ವ ತನ್ನನ್ನು ಒಮ್ಮೆಯಾದರೂ ನೆಟ್ಟಗೆ ನೋಡಿಯಾಳು ಎಂದು ಅವನಿಗೆ ಆಸೆಯಾಯಿತು. ಮೊದಲು ದಿಬ್ಬ, ಸುತ್ತಾಟ ಆಮೇಲೆ ಎಂದು ಒಪ್ಪಿದ.

ಕೆಂಪವ್ವ ನೆಲದ ಮೇಲೆ ಜೋಳದ ಕಾಳಿಟ್ಟು ದಾರಿ ತೋರಿಸಿದಳು. "ಊರ ಅಗಸಿ ಬಾಗಲದಾಗಿಂದ ಹೋಗು. ಗೌಡ್ರ ಹಿತ್ತಲಾ ದಾಟಬ್ಯಾಡ, ನಾಯಿ ಅದಾವ." ಅಲ್ಲಿ ನೀರಿದೆ ಎಂಬುದು ಅವಳ ಲೆಕ್ಕದಲ್ಲೇ ಇರಲಿಲ್ಲ. ಬುತ್ತಿಗೆ ಸಣ್ಣ ಹುಡುಗ ತಿನ್ನುವಂಥ, ಅಂಗೈಯಗಲದ ಒಂದು ಪುಟ್ಟ ರೊಟ್ಟಿಯನ್ನೂ ತಟ್ಟಿದಳು. ಅದನ್ನು ಕಂಡ ಮೇಲೆ ಶೋಭಾ ನಗುವುದನ್ನು ಬಿಟ್ಟಳು.

ಹೊರಡುವ ಮುಂಜಾನೆ ಕೆಂಪವ್ವನೂ ದಂಡೆಗೆ ಬಂದಿದ್ದಳು. ಅವಳಿಗೆ ಕೇಳದಂತೆ ಅಲ್ಲಪ್ಪ ದನಿ ತಗ್ಗಿಸಿ ಹೇಳಿದ: "ಆ ದಿಬ್ಬದ ಮ್ಯಾಲೆ ನಾವು ಯಾರೂ ಹೆಸರ ಹಿಡದು ಕರಿಯೂದಿಲ್ರಿ. ಓ ಅಂದಾವ ಯಾರಂತ ತಿಳ್ಯೂದಿಲ್ಲ."

ಗಾಳಿ ಹಿಂದಿನಿಂದ ಬೀಸುತ್ತಿತ್ತು. ಹಾಯಿ ಉಬ್ಬಿ ದೋಣಿ ಸಲೀಸಾಗಿ ಸಾಗಿತು. ಮರಳುವಾಗ ಎದುರುಗಾಳಿ, ಓರೆ ಓರೆಯಾಗಿ ಹೊರಳಿಸುತ್ತ ಬರಬೇಕು, ಸಂಜೆಯಾದೀತು ಎಂದು ಸಿದ್ರಾಯ ಅಂದಾಜು ಹಾಕಿದ್ದ. ಬೇಸಿಗೆಗೆ ನೀರು ಇಳಿದು ದಿಬ್ಬ ನಡುಗಡ್ಡೆಯಾಗಿತ್ತು. ಇಳಿದು ಒಂದು ಕಲ್ಲು ಹೆಕ್ಕಿಕೊಂಡ. ಗಾಳಿ ಗಪ್ಪನೆ ನಿಂತಿತು.

"ಸಿದ್ರಾಯಾ, ನಡಿ, ಮನಿಗೆ ಹೋಗೂನು" ಎಂದು ಅಣ್ಣನನ್ನು ಕರೆದ.

"ಓ" ಎಂದಿತು ಒಂದು ದನಿ.

ಸುತ್ತ ನೋಡಿದ, ನರಪಿಳ್ಳೆಯೂ ಇಲ್ಲ. ತನ್ನ ಬಾಯಿಯೇ ತೆರೆದಿರುವುದು ಆಮೇಲೆ ಗೊತ್ತಾಯಿತು. ಹುಟ್ಟಿದಾಗಿನಿಂದ ಆ ಹೆಸರಿಗೆ ಓಗೊಟ್ಟ ಬಾಯಿ, ತಡೆಯುವಷ್ಟರಲ್ಲಿ ಓಗೊಟ್ಟಿತ್ತು. ಇನ್ನೊಮ್ಮೆ ಕರೆಯಲು ಅವನಿಗೆ ಧೈರ್ಯ ಸಾಲಲಿಲ್ಲ.

ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ದೋಣಿ ಹತ್ತಿದ. ಕೆನ್ನೆಗೆ ಎಳ್ಳಷ್ಟೂ ಗಾಳಿ ತಾಗದಿದ್ದರೂ ಹಾಯಿ ಉಬ್ಬಿತು. ಎಲ್ಲಿಯೂ ಹೊರಳದೆ, ಅವನು ಹಗ್ಗ ಮುಟ್ಟದೆ, ದೋಣಿ ಸೀದಾ ದಂಡೆಗೆ ಬಂತು. ಬಿಸಿಲು ಇನ್ನೂ ನೆತ್ತಿಗೇರಿರಲಿಲ್ಲ.

ಕೆಂಪವ್ವ ಮೊಣಕಾಲುದ್ದ ನೀರಿಗಿಳಿದು ಬಂದಳು. ಎರಡೂ ಕೈಯಲ್ಲಿ ಅವನ ಮುಖ ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಸಿದ್ರಾಯ ಜನ್ಮವಿಡೀ ಕಾದದ್ದು ಆ ನೋಟಕ್ಕೇ.

"ಬಂದೇನೋ ನನ್ನಪ್ಪಾ! ಎಷ್ಟ ವರ್ಷ ಕಾಯಿಸಿದಿ" ಎಂದು ಕೆನ್ನೆ ಸವರಿದಳು. ಆಮೇಲೆ ಅವನ ಹೆಗಲಾಚೆ ಬರಿದಾದ ದೋಣಿಯತ್ತ ಕತ್ತು ಚಾಚಿದಳು. "ನಿನ್ನ ಕರ್ಯಾಕ ಬಂದಿದ್ದ ನಿನ್ನ ತಮ್ಮ ಎಲ್ಲಿ? ಅವನ್ನ ಅಲ್ಲೇ ಬಿಟ್ಟ ಬಂದಿ ಏನು?"

ನಾನೇ ಅವನು ಯವ್ವಾ, ಎನ್ನಲು ಸಿದ್ರಾಯ ಬಾಯಿ ತೆರೆದ. ಅದು ಖರೆಯೋ ಅಲ್ಲವೋ ಅವನಿಗೇ ಖಾತ್ರಿಯಾಗಲಿಲ್ಲ.