ಆಂಟಿ ಒತ್ತುತ್ತಿದ್ದ ಲೈಕು

ಮೊನ್ನೆ ಅಡುಗೆಮನೆಯ ಕಪಾಟು ಒರೆಸುವಾಗ ಹಿಂದಿನ ಸಾಲಿನಲ್ಲಿ ಒಂದು ಗಾಜಿನ ಬಾಟಲಿ ಸಿಕ್ಕಿತು. ಮುಚ್ಚಳ ತೆಗೆದೆ. ಒಣಗಿಸಿದ ನಿಂಬೆಯ ಹುಳಿ, ತುಸು ಹೊಗೆ ಕುಡಿದಂಥ ವಾಸನೆ... ನಾಟಿಂಗ್‌ಹ್ಯಾಮಿಗೆ ಬರುವ ಮೊದಲು ಹಾರ್ಬೋರ್ನಿನಲ್ಲಿ ನಮ್ಮ ಹಳೆಯ ಮನೆಯ ಪಕ್ಕದಲ್ಲಿದ್ದ ಆಂಟಿ ಕೊಟ್ಟದ್ದು. ಅವರು ಅದನ್ನು ಮಾಂಸದ ಸಾರಿಗೆ ಹಾಕುತ್ತಿದ್ದರು. ನಾನು ತೊವ್ವೆಗೆ ಹಾಕಿ ನೋಡಿದ್ದೆ. ಮನೆಯಲ್ಲಿ ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಹತ್ತು ವರ್ಷದ ಹಿಂದಿನ ಮಾತು. ಆಂಟಿ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು. ಅವರು ಬಿಟ್ಟುಬಂದ ದೇಶದಲ್ಲಿ ಸರ್ಕಾರವನ್ನು ಬೈದವರ ಕೆಲಸ ಹೋಗುತ್ತಿತ್ತು, ಕೆಲವರು ಮನೆಗೇ ಮರಳುತ್ತಿರಲಿಲ್ಲ. ಅಲ್ಲಿ ಉಳಿದಿದ್ದವನು ಒಬ್ಬನೇ ತಮ್ಮ, ಶಾಲೆಯ ಮೇಷ್ಟ್ರು. ದಿನಾ ಬೆಳಿಗ್ಗೆ ನಾವಿಬ್ಬರೂ ಚಹಾ ಕುಡಿಯುವಾಗ ಆಂಟಿ ಮೊಬೈಲ್ ತೆರೆದು ಸರ್ಕಾರದ ಸುದ್ದಿಗೆಲ್ಲ ಲೈಕ್ ಒತ್ತುತ್ತಿದ್ದರು. ಸೇತುವೆ ಉದ್ಘಾಟನೆಯಾಯಿತು, ಲೈಕು. ಅಧ್ಯಕ್ಷರು ಸಸಿ ನೆಟ್ಟರು, ಅದಕ್ಕೂ ಲೈಕು. ಅವರ ಮೇಲೆ ನಿಮಗೆ ಅಷ್ಟು ಪ್ರೀತಿಯೇ ಎಂದು ಒಮ್ಮೆ ಛೇಡಿಸಿದೆ.

“ಪ್ರೀತಿ ಎಲ್ಲಿಂದ ಬಂತಮ್ಮ? ಇದು ಹಾಜರಿ. ನಾನಿಲ್ಲಿ ಹಾಜರಿ ಹಾಕಿದ್ರೆ ತಮ್ಮ ಅಲ್ಲಿ ಪಾಠ ಮಾಡ್ತಾನೆ.”

ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಮಾತ್ರ ಆಂಟಿಯದು ಕನ್ನಡ. ಅವರ ದೇಶದಲ್ಲಿ ಎಲ್ಲರೂ ಹೀಗೇ ಒತ್ತುತ್ತಾರಂತೆ. ಯಾರು ಮನಸಾರೆ, ಯಾರು ಹೆದರಿ ಎಂಬುದು ಸರ್ಕಾರಕ್ಕೂ ಗೊತ್ತಿಲ್ಲವಂತೆ.

ಆ ನವರಾತ್ರಿಗೆ ಗೊಂಬೆ ಕೂರಿಸಿದ್ದೆ. ಆಂಟಿ ತಮ್ಮೂರಿನ ಮಣ್ಣಿನ ಕುದುರೆಯೊಂದನ್ನು ತಂದು ಮೂರನೆಯ ಮೆಟ್ಟಿಲಿನಲ್ಲಿಟ್ಟರು. ಆ ಖುಷಿಗೆ ಅವರ ಫೋಟೊ ತೆಗೆದು ಸೋಷಿಯಲ್ ಮೀಡಿಯಾದಲ್ಲಿ ಹಾಕಿದೆ. ಟಿವಿಡೇಲ್ ದೇವಸ್ಥಾನದಲ್ಲಿ ಸಿಗುವ ಗೆಳತಿಯರು ನೋಡಲಿ ಎಂದು ಆಸೆ. ಆಂಟಿಯನ್ನೂ ಟ್ಯಾಗ್ ಮಾಡಿ, ಲೈಕಿನ ಹಾಜರಿಯ ಕಥೆಯನ್ನು ರಸವತ್ತಾಗಿ ಬರೆದೆ. ಅಜ್ಜಿಯ ಬಾಯಿಂದ ಕಲಿತ ಕನ್ನಡ ನನ್ನದು, ಕಥೆ ಸಿಕ್ಕರೆ ಬಿಡುವುದಿಲ್ಲ. ಕನ್ನಡ ಆಂಟಿಯ ದೇಶದಲ್ಲಿ ಯಾರಿಗೆ ತಿಳಿದೀತು ಎಂಬ ಧೈರ್ಯ ಬೇರೆ. ಕೆಳಗೆ ಅನುವಾದದ ಗುಂಡಿಯೊಂದು ಇರುವುದು ನನಗೆ ಹೊಳೆಯಲೇ ಇಲ್ಲ.

ಫೋಟೊ ಹಾಕಿದ ಐದನೆಯ ದಿನ ಆಂಟಿ ಕೋಟು ಕೂಡ ಹಾಕಿಕೊಳ್ಳದೆ ಬಾಗಿಲಲ್ಲಿ ನಿಂತಿದ್ದರು.

“ತಮ್ಮನನ್ನ ಸರ್ಕಾರಿ ಕಚೇರಿಗೆ ಕರೆಸಿ ನೀನು ಬರೆದದ್ದನ್ನ ಓದಿ ಹೇಳಿದ್ರಂತೆ. ನಮ್ಮ ಭಾಷೇಲೇ.”

ಅವರೆದುರೇ ಅಳಿಸಿದೆ. ಅಷ್ಟರಲ್ಲಿ ತಮ್ಮನನ್ನು ಶಾಲೆಯಿಂದ ತೆಗೆದಾಗಿತ್ತು. ಕೈಮುಗಿದು ಕ್ಷಮೆ ಕೇಳಿದೆ. ಆಂಟಿ ಬೈಯಲಿಲ್ಲ. ಮರುದಿನವೂ ಚಹಾಕ್ಕೆ ಕರೆದರು, ಎಂದಿನಂತೆ ಲೈಕ್ ಒತ್ತಿದರು... ಆದರೆ ಮೊಬೈಲನ್ನು ನನಗೆ ಕಾಣದ ಹಾಗೆ ತಿರುಗಿಸಿ ಹಿಡಿದಿದ್ದರು. ಆಮೇಲೆ ನಮ್ಮ ಮಾತೆಲ್ಲ ಚಳಿ, ಬಸ್ಸು, ಮಂಡಿನೋವು.

ನಾವು ನಾಟಿಂಗ್‌ಹ್ಯಾಮಿಗೆ ಬಂದ ಮೇಲೆ ಆಂಟಿ ತೀರಿಕೊಂಡರೆಂದು ತಿಳಿಯಿತು. ಕುದುರೆ ನನ್ನಲ್ಲೇ ಉಳಿದಿದೆ. ಪ್ರತಿ ನವರಾತ್ರಿಗೂ ಮೂರನೆಯ ಮೆಟ್ಟಿಲಿನಲ್ಲಿ ಕೂರುತ್ತದೆ, ಫೋಟೊ ತೆಗೆಯುವುದಿಲ್ಲ. ನಿಂಬೆಯ ಬಾಟಲಿಯನ್ನು ಒರೆಸಿ ಅಲ್ಲಿಯೇ ಇಟ್ಟೆ. ಆಂಟಿಯ ತಮ್ಮ ಇನ್ನೂ ಆ ದೇಶದಲ್ಲೇ ಇದ್ದಾನೆ. ಅದು ಯಾವ ದೇಶವೆಂದು ಇಲ್ಲಿ ಬರೆದಿಲ್ಲ.