ಬಾಯಿಗೆ ಬಾರದ ಹೆಸರು

ಹೆಬ್ಬಗೋಡಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲೀಕರ ತಾಯಿಯನ್ನು ನಾವೂ ಅಜ್ಜಿ ಎನ್ನುತ್ತಿದ್ದೆವು. ಮೊಮ್ಮಗನಿಗೆ ಹೃದಾನ್ ಎಂದು ಹೆಸರಿಟ್ಟಾಗ ಅವರು ಅರ್ಥ ಕೇಳಿದರು.

"ದೊಡ್ಡ ಮನಸ್ಸಿನೋನು ಅಂತ ಅತ್ತೆ" ಎಂದಳು ಸೊಸೆ.

"ಅರ್ತ ಚೆಂದಾಗೈತೆ. ನನ್ ಬಾಯಿಗೆ ಬರಾಕಿಲ್ಲ" ಎಂದು ಅಜ್ಜಿ ಸೆರಗಿನಿಂದ ತುಟಿ ಒರೆಸಿಕೊಂಡರು. ಬಟ್ಟೆ ಒಣಹಾಕುತ್ತಾ "ಉರ್ದಾನ, ರುದಾನ" ಎಂದು ಕಲಿಯುತ್ತಿದ್ದವರು ನನ್ನನ್ನು ಕಂಡರೆ ಸುಮ್ಮನಾಗುತ್ತಿದ್ದರು.

ಮಗು ನರ್ಸರಿಗೆ ಸೇರಿದ ಮೇಲೆ ಅಲ್ಲಿಂದ ಕರೆತರುವುದು ಅವರದೇ ಕೆಲಸ. ಒಂದು ದಿನ ಗೇಟಿನಲ್ಲಿದ್ದ ಹೊಸ ಆಯಾ, "ಯಾವ ಮಗು ಅಜ್ಜಿ? ಹೆಸರೇಳಿ" ಎಂದಳು. ಅಜ್ಜಿ ಹೇಳಿದ್ದು ಅವಳಿಗೆ ತಿಳಿಯಲಿಲ್ಲ, ಮಗುವನ್ನು ಕಳಿಸಲಿಲ್ಲ. ಕೊನೆಗೆ ಮಗ ಫ್ಯಾಕ್ಟರಿಯಿಂದ ಬಂದು ಇಬ್ಬರನ್ನೂ ಕರೆತಂದ.

"ನಾಳೆಯಿಂದ ವ್ಯಾನ್ ಬರ್ತದೆ ಕಣವ್ವ, ನೀನು ಹೋಗ್ಬೇಡ" ಎಂದು ಮೆಲ್ಲಗೇ ಹೇಳಿದ.

ದಿನವೂ ಬೆಳಗಿನಿಂದ ಅಜ್ಜಿ ಎದುರು ನೋಡುತ್ತಿದ್ದುದು ಮೊಮ್ಮಗನ ಕೈಹಿಡಿದು ಬರುವ ಆ ನಡಿಗೆಯೊಂದನ್ನೇ.