ಒಂದನೆಯ ನಂಬರಿನ ಬಾಟ್ಲಿ

ವರ್ಕಾಡಿಯ ತೆಂಗಿನೆಣ್ಣೆ ಕಾರ್ಖಾನೆಯ ಗೋದಾಮು ನೋಡಿಕೊಳ್ಳುವ ಜಯಪಾಲಣ್ಣನದು ಕೇಳಿದ್ದಕ್ಕೆ ಮಾತ್ರ ಉತ್ತರ. ಕೇಳದ್ದನ್ನು ಹೇಳುವ ಅಭ್ಯಾಸ ಅವರ ಕುಟುಂಬದಲ್ಲೇ ಇಲ್ಲ ಎನ್ನುತ್ತಾರೆ ಹೆಂಡತಿ ಕಿನ್ನಿಯಕ್ಕ. ಮದುವೆಯಾದ ಹೊಸತರಲ್ಲಿ ಸಾರಿಗೆ ಉಪ್ಪು ಮರೆತ ದಿನ "ಸಾರು ಹೇಗುಂಟು?" ಎಂದು ಕೇಳಿದ್ದಕ್ಕೆ, "ಬಿಸಿ ಉಂಟು" ಎಂದಿದ್ದರಂತೆ.

ಹುಡುಗಪ್ರಾಯದಲ್ಲಿ ಬೀಡಿ ಕಟ್ಟಿ, ಆಮೇಲೆ ತೆಂಗಿನಕಾಯಿ ಸುಲಿಯಲು ಈ ಕಾರ್ಖಾನೆಗೆ ಸೇರಿದವರು. ದೊಡ್ಡ ಧನಿಗಳು ಅವರ ನಿಯತ್ತು ನೋಡಿ ಗೋದಾಮಿನ ಬೀಗದಕೈ ಕೊಟ್ಟರು. ಅಂದಿನಿಂದ ಅದು ಅವರ ಸೊಂಟದ ನೂಲಿನಲ್ಲಿದೆ. ಸ್ನಾನಕ್ಕೂ ಬಿಚ್ಚುವುದಿಲ್ಲ.

ದೊಡ್ಡ ಧನಿಗಳ ಕಾಲದ ನಂತರ ಮಗ ಕೃಷ್ಣಕುಮಾರ ಬಾಟ್ಲಿ ತುಂಬುವ ಯಂತ್ರ ತಂದರು. ಅದರ ಬೆನ್ನಿಗೆ ಸಾಫ್ಟ್‌ವೇರ್ ಬಂತು. ಕೊಬ್ಬರಿ ಕೊಂಡದ್ದರಿಂದ ಲಾರಿ ಹೊರಡುವವರೆಗೆ ಎಲ್ಲವೂ ಅದರೊಳಗೆ. ಪ್ರತಿ ಬಾಟ್ಲಿಗೂ ನಂಬರಿನ ಚೀಟಿ, ದಿನವೂ ಒಂದರಿಂದ ಶುರು. ಸ್ಕ್ಯಾನರಿನ ಕೆಂಪು ಬೆಳಕಿನಡಿ ಹಾದರೆ ಅದು ಲೆಕ್ಕಕ್ಕೆ ಸೇರಿತು. ಒಂದು ನಂಬರು ತಪ್ಪಿದರೂ ಬಿಲ್ ಇಲ್ಲ. ಬಿಲ್ ಇಲ್ಲದೆ ಲಾರಿ ಗೇಟು ದಾಟುವುದಿಲ್ಲ.

ಸಾಫ್ಟ್‌ವೇರ್ ಬಂದ ಮೊದಲ ದಿನವೇ ಬಿಲ್ ಬರಲಿಲ್ಲ. "ಮಾಹಿತಿ ಕಾಣೆಯಾಗಿದೆ" ಎಂದಿತು ಪರದೆ. ಮರುದಿನವೂ ಹಾಗೆಯೇ. ಪ್ರತಿ ಸಲವೂ ಕಾಣೆಯಾಗುವುದು ಒಂದನೆಯ ನಂಬರು.

"ಜಯಪಾಲಣ್ಣ, ಬಾಟ್ಲಿ ಎಂತಾದ್ರೂ ಕಾಣೆಯಾಗಿದೆಯಾ?" ಕೃಷ್ಣಕುಮಾರ ಕೇಳಿದರು.

"ಇಲ್ಲ ಧನಿಗಳೇ."

"ಯಾರಾದ್ರೂ ಕದ್ದಿದ್ದಾರಾ?"

"ನಾನಿರುವಾಗ ಕದಿಯುವುದು ಯಾರು?"

ಎರಡೂ ನಿಜವೇ. ಆದರೂ ಆಫೀಸಿನವರ ಕಣ್ಣು ಅವರ ಸೊಂಟದ ಕಡೆಗೆ ಹೋಗತೊಡಗಿತು. ಕೊನೆಗೆ ಕೃಷ್ಣಕುಮಾರ ತಲೆ ತಗ್ಗಿಸಿಕೊಂಡೇ ಹೇಳಿದರು: "ಈ ವಾರ ಸರಿಯಾಗದಿದ್ದರೆ ಬೀಗದಕೈ ಕಂಪ್ಯೂಟರ್ ಗೊತ್ತಿರುವವರಿಗೆ ಕೊಡಬೇಕಾಗ್ತದೆ. ಬೇಸರ ಮಾಡಬೇಡಿ."

ಅಂದು ಜಯಪಾಲಣ್ಣ ಅರ್ಧ ಊಟಕ್ಕೇ ಎದ್ದರು. ಎಂತಾಯಿತೆಂದು ಕಿನ್ನಿಯಕ್ಕ ಕೇಳಿದ್ದಕ್ಕೆ "ಸೆಕೆ" ಎಂದರು.

ಸಾಫ್ಟ್‌ವೇರ್ ಕಂಪನಿಯಿಂದ ಶ್ರೀರಂಜಿನಿ ಎಂಬ ಹುಡುಗಿ ಬಂದಳು. ಕೇಬಲ್ ಬದಲಿಸಿದಳು, ಸ್ಕ್ಯಾನರನ್ನೇ ಬದಲಿಸಿದಳು. ಒಂದನೆಯ ನಂಬರು ಸಿಗಲಿಲ್ಲ.

"ಈ ಸ್ಕ್ಯಾನರಿಗೆ ಬೆಳಿಗ್ಗೆ ಎಚ್ಚರ ಆಗುವುದು ತಡ ಅಂತ ಕಾಣ್ತದೆ," ಎಂದು ಅಂಗಡಿಯಿಂದ ಬಾರ್‌ಕೋಡ್ ಇರುವ ಒಂದು ಸಾಬೂನು ತರಿಸಿ, ಯಂತ್ರ ಶುರುವಾಗುವ ಮೊದಲೇ ಅದನ್ನು ಬೆಳಕಿಗೆ ಹಿಡಿದಳು. ಸ್ಕ್ಯಾನರ್ ತಕ್ಷಣ ಕೂಗಿತು. ಆ ದಿನ ಗೋದಾಮಿನ ಲೆಕ್ಕದಲ್ಲಿ ಒಂದು ಮೈಸಾಬೂನು ಹೆಚ್ಚಿತ್ತು, ಒಂದನೆಯ ಬಾಟ್ಲಿ ಎಂದಿನಂತೆ ಇರಲಿಲ್ಲ.

"ಮೊದಲು ಒಂದು ತಕರಾರು ಇತ್ತು. ನೀನು ಬಂದ ಮೇಲೆ ಎರಡಾಯ್ತಲ್ಲ ಮಾರಾಯ್ತಿ!" ಎಂದರು ಕೃಷ್ಣಕುಮಾರ.

ಮರುದಿನ ಅವಳು ಯಾವ ಕೇಬಲನ್ನೂ ಮುಟ್ಟಲಿಲ್ಲ. ಯಂತ್ರದ ಪಕ್ಕ ಕುರ್ಚಿ ಹಾಕಿ ಸುಮ್ಮನೆ ಕೂತಳು. ಯಂತ್ರ ತಿರುಗಿತು. ಜಯಪಾಲಣ್ಣ ಚಪ್ಪಲಿ ಕಳಚಿ, ಚೀಟಿ ಅಂಟಿಸಿಕೊಂಡು ಬಂದ ಮೊದಲ ಬಾಟ್ಲಿಯನ್ನು ಕೆಂಪು ಬೆಳಕು ಮುಟ್ಟುವ ಮುಂಚೆಯೇ ಎತ್ತಿ, ಕಣ್ಣು ಮುಚ್ಚಿ, ಬಾಳೆಲೆಯ ಮೇಲಿಟ್ಟರು.

"ಅಯ್ಯೋ! ಅದು ಎಲ್ಲಿಗೆ?" ಶ್ರೀರಂಜಿನಿ ಕೂಗಿದಳು.

"ಗುಳಿಗನ ಕಟ್ಟೆಗೆ. ದೀಪಕ್ಕೆ."

ಕಾರ್ಖಾನೆಯ ಹಿಂದೆ ಕಾಸರಕನ ಮರದಡಿ ಗುಳಿಗ ದೈವದ ಕಟ್ಟೆಯಿದೆ. ವರ್ಷಕ್ಕೊಮ್ಮೆ ಅಲ್ಲಿ ಕೋಲ ನಡೆಯುವಾಗ ದೈವ ಮೈಮೇಲೆ ಬಂದು ಊರವರೊಡನೆ ಮಾತಾಡುತ್ತದೆ. ಹೊಸ ಎಣ್ಣೆಯ ಮೊದಲ ಪಾಲು ಅಲ್ಲಿಗೆ. ಕೃಷ್ಣಕುಮಾರರಿಗೂ ಇದು ಗೊತ್ತು. ಆದರೆ ತಂದೆಯ ಕಾಲದಂತೆ ಡ್ರಮ್ಮಿನಿಂದ ಸೌಟಿನಲ್ಲಿ ತೆಗೆಯುತ್ತಾರೆಂದೇ ಅವರು ತಿಳಿದಿದ್ದರು.

"ಮತ್ತೆ ಕಾಣೆಯಾಗಿಲ್ಲ ಅಂದಿರಲ್ಲ?" ಎಂದರು ಕೂಗು ಕೇಳಿ ಬಂದ ಕೃಷ್ಣಕುಮಾರ.

"ಕಾಣೆ ಎಲ್ಲಿ ಆಗಿದೆ ಧನಿಗಳೇ? ಕಟ್ಟೆಯಲ್ಲೇ ಉಂಟು."

"ಸ್ಕ್ಯಾನ್ ಮಾಡಿ ಕೊಂಡುಹೋಗಬಹುದಿತ್ತಲ್ಲ ಅಣ್ಣ?" ಎಂದಳು ಶ್ರೀರಂಜಿನಿ.

"ಆ ಬೆಳಕು ಬಿದ್ದರೆ ಮಾರಾಟದ ಲೆಕ್ಕಕ್ಕೆ ಸೇರಿತಲ್ಲ ಮೇಡಂ? ಎಂಜಲು ಆದ ಹಾಗೆ. ಅದನ್ನು ದೈವಕ್ಕೆ ಕೊಡುವುದು ಹೇಗೆ?"

ಕೃಷ್ಣಕುಮಾರ ಬಾಳೆಲೆಯಿಂದ ಎರಡು ಹೆಜ್ಜೆ ಹಿಂದೆ ಸರಿದರು. ದೈವದ ವಿಷಯದಲ್ಲಿ ಅವರಿಗೂ ಭಯ ಉಂಟು.

ಶ್ರೀರಂಜಿನಿ ಯೋಚಿಸಿದಳು. ಬೆಳಕು ತಾಗಿಸಬೇಕಾಗಿಲ್ಲ, ನಂಬರನ್ನು ಕೈಯಿಂದ ಟೈಪ್ ಮಾಡಿದರೂ ಸಾಕು. ಆದರೆ ಬಾಟ್ಲಿ ಯಾರಿಗೆ ಹೋಯಿತೆಂದು ಸಾಫ್ಟ್‌ವೇರಿಗೆ ಹೇಳಲೇಬೇಕು. ಹೊಸ ಗಿರಾಕಿಯ ಪುಟ ತೆರೆದಳು.

"ಹೆಸರು ಗುಳಿಗ. ಮನೆಹೆಸರು?"

"ದೈವಕ್ಕೆ ಎಂತ ಮನೆಹೆಸರು?"

"ಖಾಲಿ ಬಿಟ್ಟರೆ ಇದು ಮುಂದೆ ಹೋಗುವುದಿಲ್ಲ ಅಣ್ಣ."

"ವರ್ಕಾಡಿ ಅಂತ ಹಾಕಿ."

"ಹತ್ತಿರದ ಗುರುತು?"

"ಕಾಸರಕನ ಮರ."

"ಫೋನ್ ನಂಬರ್?"

ಜಯಪಾಲಣ್ಣ ತಮ್ಮದನ್ನೇ ಕೊಟ್ಟರು.

"ಗಿರಾಕಿ ಸಕ್ರಿಯವಾ, ನಿಷ್ಕ್ರಿಯವಾ ಅಂತ ಕೇಳ್ತದೆ."

ಜಯಪಾಲಣ್ಣ ಎದ್ದೇ ನಿಂತರು. "ನಿಷ್ಕ್ರಿಯ ಅಂತ ಮಾತ್ರ ಒತ್ತಬೇಡಿ ಮೇಡಂ! ನಾವು ಈ ಊರಲ್ಲಿ ಬದುಕಬೇಕಾದವರು."

ಸಕ್ರಿಯ ಎಂದೇ ಒತ್ತಿದಳು. ಬಿಲ್ ಬಂತು. ಲಾರಿ ಗೇಟು ದಾಟಿತು. ಕೃಷ್ಣಕುಮಾರ ಬೀಗದಕೈಯ ಸುದ್ದಿ ಎತ್ತಲಿಲ್ಲ. ಜಯಪಾಲಣ್ಣನಂತೂ, ಯಾರೂ ಕೇಳದ ಕಾರಣ, ಏನೂ ಹೇಳಲಿಲ್ಲ. ಗೋದಾಮಿನ ಬಾಗಿಲು ಹಾಕಿ, ಬೀಗ ಜಗ್ಗಿ ನೋಡಿ ಮನೆಗೆ ಹೋದರು. ಅಂದು ಎರಡು ಸಲ ಅನ್ನ ಹಾಕಿಸಿಕೊಂಡರೆಂದು ಕಿನ್ನಿಯಕ್ಕನ ಸಾಕ್ಷಿ.

ಕೆಲವು ದಿನ ಕಳೆದು ಅವರಿಗೊಂದು ಫೋನ್ ಬಂತು. ಕಾರ್ಖಾನೆಯ ಮಂಗಳೂರಿನ ಮಾರಾಟದ ಆಫೀಸಿಗೆ ಹೊಸದಾಗಿ ಸೇರಿದ ಅನ್ವಿತಾ ಎಂಬವಳು.

"ನಮಸ್ಕಾರ, ಗುಳಿಗ ಅವರಾ ಮಾತಾಡುವುದು?"

ಜಯಪಾಲಣ್ಣ ಮೊದಲು ಚಪ್ಪಲಿ ಕಳಚಿದರು. "ಅಲ್ಲ. ನಾನು ಅವರ ಚಾಕರಿಯವನು."

"ಸರ್ ಪ್ರತಿ ಸಲವೂ ಒಂದೇ ಬಾಟ್ಲಿ ತೆಗೆದುಕೊಳ್ತಾರೆ. ಒಂದು ಪೆಟ್ಟಿಗೆ ಪೂರ್ತಿ ತೆಗೆದುಕೊಂಡರೆ ನಮ್ಮ ಆಫರ್ ಉಂಟು. ಅವರ ಹತ್ತಿರ ಒಮ್ಮೆ ಮಾತಾಡಬಹುದಾ?"

"ಮಾತಾಡಬಹುದು," ಎಂದರು ಜಯಪಾಲಣ್ಣ. "ಆದರೆ ಅವರು ಮಾತಾಡುವುದು ಕೋಲದ ದಿನ ಮಾತ್ರ. ನೀವೇ ಬನ್ನಿ. ಊಟ ಇಲ್ಲೇ ಆಗ್ತದೆ."